ಮೂರು ಗೇರು, ಎರಡು ಮೊಣಕಾಲು

ಮೇಲಿನವರು ಏನನ್ನಾದರೂ ಪರೀಕ್ಷೆ ಮಾಡಲು ಹೊರಟರೆ ಕೆಳಗಿನವರು ನಗುವಂಥದ್ದು ಒಂದಾದರೂ ನಡೆದೇ ನಡೆಯುತ್ತದೆ. ನಗಲು ಬದುಕಿ ಉಳಿದಿದ್ದರೆ ನಗಬಹುದು.

ಐವತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ನಾನು ಮಧುಗಿರಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರಾಗಿದ್ದೆ. ಸಿಡುಬು ಊರೂರು ಸುತ್ತುತ್ತಿತ್ತು. ಅದರ ಬೆನ್ನಿಗೆ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುತ್ತ ಸುತ್ತುತ್ತಿದ್ದವನು ನನ್ನ ಕೈಕೆಳಗಿನ ಒಬ್ಬ ಮುದುಕ. ಜನ ಆತನನ್ನು ದಾಕಿನಯ್ಯ ಅನ್ನುತ್ತಿದ್ದರು. ಆತನ ಮೊಣಕಾಲು ಸವೆದಿದ್ದವು. ಏರು ಬಂದರೆ ಸೈಕಲ್ ಇಳಿದು ತಳ್ಳುತ್ತಿದ್ದ. ಸೈಕಲ್ ತುಳಿಯಲಾಗದವನಿಗೆ ಕೆಲಸವಿಲ್ಲ ಎಂದು ಜಿಲ್ಲೆಯ ಸಾಹೇಬರು ಎಚ್ಚರಿಸಿದ್ದರು.

ಅಷ್ಟರಲ್ಲಿ ಪರೀಕ್ಷೆಗೆಂದು ಗೇರ್ ಇರುವ ಎರಡು ಸೈಕಲ್ ಬಂದವು. ಹಿಂದಿನ ಚಕ್ರದ ಹಬ್ ಒಳಗೇ ಗೇರು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಯಾವುದು ತುಳಿಯಲು ಹಗುರ, ಯಾವುದು ಬಾಳಿಕೆ ಎಂದು ನಾನು ವರದಿ ಮಾಡಬೇಕು. ತುಳಿಯುವವನು ದಾಕಿನಯ್ಯ. ಗೇರು ಗೆದ್ದರೆ ಆತನ ಕೆಲಸ ಉಳಿಯುತ್ತಿತ್ತು.

೧. ಮಧುಗಿರಿ

ಮೂರು ಗೇರಿನದನ್ನು ಹತ್ತಿ ದೊಡ್ಡೇರಿಗೆ ಹೋಗಿಬಂದ ದಾಕಿನಯ್ಯ ಜಗಲಿಯ ಮೇಲೆ ಉರುಳಿಕೊಂಡ. ನಾನು ಕೇಳಿದೆ:

“ಏರಿನಲ್ಲಿ ಗೇರು ಬದಲಾಯಿಸಿದಿರಾ?”

“ಇಲ್ಲ ಸಾ.”

“ಯಾಕೆ?”

“ಬಾಳಿಕೆ ನೋಡ್ಬೇಕು ಅಂದ್ರಲ್ಲ ಸಾ. ಎಲ್ಲಿ ಸವೆದೋಯ್ತದೋ ಅಂತ ಮುಟ್ನಿಲ್ಲ.”

೨. ಶಿರಾ

ಎರಡು ಗೇರಿನದು ಟಿಕ್ ಟಿಕ್ ಅನ್ನುತ್ತಿತ್ತು. ಹಬ್ ಒಳಗಿನ ಪುಟ್ಟ ನಾಲಗೆಗಳು ಹಲ್ಲಿನ ಮೇಲೆ ಜಾರುವ ಸದ್ದು, ಅದು ಇರಬೇಕಾದದ್ದೇ. ಶಿರಾದ ಸೈಕಲ್ ಶಾಪಿನ ಸಾಬರು ಒಪ್ಪಲಿಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆ, ಅಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ್ದನ್ನು, ಹಬ್ ಬಿಚ್ಚಿ ಗಿಡಿದು ತುಂಬಿದರು. ಸದ್ದು ನಿಂತಿತು. ನಾಲಗೆಗಳೂ ಅಂಟಿಕೊಂಡವು. ಪೆಡಲು ಬರಿದೇ ತಿರುಗುತ್ತಿತ್ತು, ಚಕ್ರ ಅಲುಗಲಿಲ್ಲ. ನಾನಂದೆ:

“ಸೈಕಲ್ಲೇ ಮುಂದೆ ಹೋಗ್ತಿಲ್ಲವಲ್ಲ ಸಾಬರೇ?”

“ಆವಾಜ್ ಬಂದ್ ಆಯ್ತೋ ಇಲ್ವೋ, ಅದು ಹೇಳಿ ಮೊದ್ಲು.”

ದಾಕಿನಯ್ಯ ತಾವರೆಕೆರೆಯವರೆಗೆ ಅದನ್ನು ತಳ್ಳಿಕೊಂಡೇ ಹೋದ. ಸಿಡುಬು ಆತನಿಗಿಂತ ಮುಂಚೆ ತಲುಪಿತ್ತು. ಅದಕ್ಕೆ ಗೇರು ಬೇಕಿರಲಿಲ್ಲ.

೩. ಪಾವಗಡ

ಉಳಿದದ್ದು ಮೂರು ಗೇರಿನದು. ಅದೂ ಟಿಕ್ ಟಿಕ್ ಅನ್ನುವಂಥದ್ದೇ. ದಾಕು ಹಾಕಿಸಿಕೊಂಡರೆ ಸಿಡುಬಿನ ಅಮ್ಮನಿಗೆ ಕೋಪ ಬರುತ್ತದೆಂದು ನಂಬಿದ ಊರೊಂದು ಪಾವಗಡದ ಆಚೆ ಇತ್ತು. ಸದ್ದು ಕಿವಿಗೆ ಬಿದ್ದರೆ ಸಾಕು, ಅಲ್ಲಿಯ ಒಬ್ಬ ಅಜ್ಜಿ, “ಟಿಕ್ಕು ಟಿಕ್ಕೋಡು ವಚ್ಚಿನಾಡು, ಪಾರಿಪೋಂಡಿ!” ಎಂದು ತೆಲುಗಿನಲ್ಲಿ ಕೂಗುತ್ತಿದ್ದಳು, ಟಿಕ್ ಟಿಕ್ಕಿನವನು ಬಂದ, ಓಡಿಹೋಗಿ ಅಂತ. ಊರಿಗೆ ಊರೇ ಮಕ್ಕಳನ್ನೆತ್ತಿಕೊಂಡು ಸಜ್ಜೆ ಹೊಲದೊಳಗೆ ಓಡುತ್ತಿತ್ತು.

ತುಳಿಯುತ್ತಿರುವಾಗ ಮೊದಲ ಗೇರಿನಲ್ಲಿ ಮಾತ್ರ ಆ ಹಬ್ ಸದ್ದು ಮಾಡದು ಎಂದು ನಾನು ಹೇಳಿದೆ. ದಾಕಿನಯ್ಯ ಕೊನೆಗೂ ಗೇರು ಮುಟ್ಟಿದ. ಏರು ಬಂದಾಗಲ್ಲ, ಆ ಊರು ಬಂದಾಗ. ಸದ್ದಿಲ್ಲದೆ ನುಗ್ಗಿ ಮೊದಲು ಅಜ್ಜಿಯ ರಟ್ಟೆಯನ್ನೇ ಹಿಡಿದ. ದಾಕು ಹಾಕಿ ಮುಗಿಸಿದ ಮೇಲೆ ಅಜ್ಜಿ ಉಗಿದಳು:

“ಥೂ ದೊಂಗಾ, ಕಳ್ಳಾ! ಮಾನವಂತ್ರಂಗೆ ಸದ್ದು ಮಾಡ್ಕೊಂಡು ಬರಬಾರ್ದೇನ್ಲಾ?”

೪. ಕೊರಟಗೆರೆ

ಮೂರು ಗೇರಿನದೇ ಮೇಲು, ಮುದುಕರೂ ತುಳಿಯಬಹುದು ಎಂದು ವರದಿ ಮಾಡಿದೆ. ಸಾಹೇಬರು ನಂಬದೆ ತಾವೇ ನೋಡಲು ಬಂದರು. ಕೊರಟಗೆರೆಯಾಚೆಯ ಏರಿನಲ್ಲಿ ದಾಕಿನಯ್ಯ ಮೊದಲ ಗೇರು ಹಾಕಿ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಇಳಿಯದೆ ಏರಿನ ತುದಿ ಮುಟ್ಟಿದ.

“ಇಷ್ಟೊಂದು ತುಳಿದು ಇಷ್ಟೇ ದೂರವೇನ್ರೀ? ಕಾಲು ಗಿರಗಿರ ತಿರುಗುತ್ತೆ, ಸೈಕಲ್ ತೆವಳುತ್ತೆ,” ಅಂದರು ಸಾಹೇಬರು.

“ಗೇರಿನ ಕೆಲಸವೇ ಅದು ಸಾರ್. ಕಾಲಿಗೆ ಭಾರ ಕಮ್ಮಿ.”

“ನನಗೆ ಪಾಠ ಬೇಡ. ಹಬ್ ಗಟ್ಟಿಯಾಗಿದೆ. ಇವನ ಮೊಣಕಾಲಲ್ಲಿ ಬಲ ಇಲ್ಲ. ಬರೋ ತಿಂಗಳಿಂದ ಇವನು ಬೇಡ.”

ಆ ತೀರ್ಮಾನ ಮುಂದೆಯೂ ಬದಲಾಗಲಿಲ್ಲ. ಮುದುಕ ಸೈಕಲ್ ಒಪ್ಪಿಸಿದ.

ತುಳಿಯುವುದು ಹೇಗೆಂದು ತೋರಿಸಲು ಸಾಹೇಬರು ಏರಿನ ಬುಡದಿಂದ ಹೊರಟರು. ಗೇರು ಬದಲಿಸುವಾಗ ತುಳಿಯುವುದನ್ನು ನಿಲ್ಲಿಸಬೇಕು ಅಂದೆ. ನಿಲ್ಲಿಸಲಿಲ್ಲ. ಎದ್ದು ನಿಂತು ತುಳಿಯುತ್ತಲೇ ಗೇರಿನ ಕಡ್ಡಿ ತಳ್ಳಿದರು. ಹಬ್ ಎರಡು ಗೇರುಗಳ ನಡುವೆ ಸಿಕ್ಕಿ ಪೆಡಲು ಪೊಳ್ಳಾಯಿತು. ಸಾಹೇಬರು ಮೊದಲು ಸೈಕಲ್ಲಿನ ಬಾರ್ ಮೇಲೆ ಬಿದ್ದರು, ಆಮೇಲೆ ಕತ್ತಾಳೆಯೊಳಗಿಂದ ಹಳ್ಳಕ್ಕೆ ಉರುಳಿದರು. ಏಳಲಾಗದೆ ಕೂಗಿದರು:

“ನೋಡ್ತಾ ನಿಂತಿದೀಯಲ್ಲೋ, ಇಳಿದು ಬಂದು ಎತ್ತೋ!”

ದಾಕಿನಯ್ಯ ದಂಡೆಯ ಮೇಲೆ ಕೈಕಟ್ಟಿ ನಿಂತೇ ಹೇಳಿದ: “ಎತ್ತಬೌದಿತ್ತು ಸಾ. ಏನ್ ಮಾಡ್ಲಿ, ಮೊಣಕಾಲಲ್ಲಿ ಬಲ ಇಲ್ಲ ಅಂತ ಈಗ್ತಾನೆ ತಾವೇ ಅಪ್ಪಣೆ ಮಾಡಿದ್ರಲ್ಲ.”