ಹೆಸರು ಹೇಳಬಾರದ ಸಿನಿಮಾ ಮಾವ

"ಅಮ್ಮಾ, ಸಿನಿಮಾ ತಾತ ಇವತ್ತೂ ಸಾಯ್ತಾರಾ?"

ಐದು ವರ್ಷದ ಸೆಜಿಮ್ ಈ ಪ್ರಶ್ನೆ ಕೇಳಿದಾಗ ಸಿನಿಮಾ ತಾತ ಅವಳ ಪಕ್ಕದಲ್ಲೇ ಕೂತು, ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಂಡನ್ನು ಜಾಮಿನಲ್ಲಿ ಅದ್ದಿ ತಿನ್ನುತ್ತಿದ್ದರು. ಎದುರಿನ ಟೀವಿಯಲ್ಲಿ ಅದೇ ತಾತ, ಮೀಸೆ ಇನ್ನೂ ಕಪ್ಪಗಿದ್ದ ಕಾಲದವರು, ಕುದುರೆ ಏರಿ ಹಿಮದ ಕಣಿವೆ ದಾಟುತ್ತಿದ್ದರು.

"ಇವತ್ತು ಬೇಗ ಸಾಯ್ತೀನಿ ಪುಟ್ಟಿ," ಎಂದರು ತಾತ. "ನಿನ್ನ ಹಾಲು ಆರೋದ್ರೊಳಗೆ. ಆಮೇಲೆ ಚಾನೆಲ್ ಬದಲಾಯಿಸ್ಕೋ."

"ನೋವಾಗತ್ತಾ?"

"ಸಾಯೋದು ಸುಲಭ. ಸತ್ತ ಮೇಲೆ ಮಲಗಿರ್ಬೇಕಲ್ಲ, ಅದು ಕಷ್ಟ. ಬೆನ್ನಿಗೆ ಕಲ್ಲು ಒತ್ತುತ್ತೆ, ಮೂಗು ಕೆರೆಯುತ್ತೆ. ಹೆಣ ಮೂಗು ಕೆರ್ಕೊಂಡ್ರೆ ಡೈರೆಕ್ಟರು ಬೈತಾರೆ."

ಅಷ್ಟರಲ್ಲಿ ಬೆಟ್ಟ ಗುಡುಗಿತು, ಹಿಮ ಜಾರಿತು, ತಾತ ಕುದುರೆಸಮೇತ ಕಣ್ಮರೆಯಾದರು. ಮುಂದಿನ ದೃಶ್ಯದಲ್ಲಿ ಕುದುರೆ ಮಾತ್ರ ಮೈ ಕೊಡವಿಕೊಂಡು ಎದ್ದುಬಂತು. ನಾಯಕ ಅದರ ಕತ್ತು ತಬ್ಬಿಕೊಂಡು ಅತ್ತ. ಚಿತ್ರ ಮುಗಿದಾಗ ಹೆಸರುಗಳು ಮೇಲೇರತೊಡಗಿದವು: ನಾಯಕನ ಹೆಸರು, ನಾಯಕಿಯ ಹೆಸರು, ಕುದುರೆಯ ಹೆಸರು, ಆಮೇಲೆ "ಮತ್ತು ಇತರರು."

ಟೀ ಬಗ್ಗಿಸುತ್ತಿದ್ದ ಅಮ್ಮ ಬುರುಲ್‌ಳ ಕೈ ತಡೆಯಿತು. "ಮಾವ, ಕುದುರೆ ಹೆಸರು ಬಂತು. ನಿಮ್ಮದು ಬರ್ಲಿಲ್ಲ."

"ಬರ್ಬೇಕಾದ್ದೇ ತಾಯಿ. ಅದು ಬದುಕಿತಲ್ಲ."

ಸಿನಿಮಾ ಮಾವ ಬುರುಲ್‌ಳ ಸ್ವಂತ ಮಾವನಿಗೆ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ತಮ್ಮನ ಮನೆಯ ಅಂಗಳದಾಚೆಯ ಕೋಣೆಯಲ್ಲಿದ್ದರು. ರಾಜಧಾನಿ ಬಿಷ್ಕೆಕ್‌ನಿಂದ ಸಿನಿಮಾದವರ ಫೋನು ಬಂದಾಗಲೆಲ್ಲ ಬೂಟು ಒರೆಸಿಕೊಂಡು ಹೋಗಿ, ಸತ್ತು, ಬಸ್ಸು ಹಿಡಿದು ವಾಪಸು ಬರುತ್ತಿದ್ದರು. ಸೇತುವೆಯ ಮೇಲೆ ಗುಂಡೇಟು ತಿಂದಿದ್ದರು, ಹೊಳೆಯಲ್ಲಿ ಕೊಚ್ಚಿಹೋಗಿದ್ದರು, ಕ್ಷಯದಲ್ಲಿ ಸೊರಗಿದ್ದರು, ಒಮ್ಮೆ ಬರೀ ದುಃಖದಿಂದಲೇ ಪ್ರಾಣ ಬಿಟ್ಟಿದ್ದರು (ಅದನ್ನು ನೋಡಿ ಬುರುಲ್ ಒಲೆಯ ಮೇಲಿನ ಅನ್ನ ಮರೆತು ಅತ್ತಿದ್ದಳು, ಅನ್ನವೂ ಹುತಾತ್ಮವಾಗಿತ್ತು). ನಾಯಕರು ಬಂದರು, ದಪ್ಪಗಾದರು, ಹೋದರು. ಇವರ ಮುಖ ಮಾತ್ರ ನಲವತ್ತು ವರ್ಷದಿಂದ ಪರದೆಯ ಮೂಲೆಯಲ್ಲಿ ಇತ್ತು. ಆ ಮುಖ ಒಂದು ಸಲ ಈ ಕಡೆ ತಿರುಗಿದರೆ ನೋಡುವವರು ಕೈಲಿದ್ದ ಕೆಲಸ ಮರೆಯುತ್ತಿದ್ದರು. ಹಾಗಿದ್ದೂ ಸಂತೆಯಲ್ಲಿ ಜನ ಅವರನ್ನು ತಡೆದು ಕೇಳುತ್ತಿದ್ದದ್ದು ಒಂದೇ ಮಾತು: "ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ನಮ್ಮ ಹಸುಗೆ ಇಂಜೆಕ್ಷನ್ ಕೊಟ್ಟವರಾ?"

"ಹೌದು," ಎಂದುಬಿಡುತ್ತಿದ್ದರು ಮಾವ. "ಹಸು ಹೇಗಿದೆ?"

ಇವರ ಹೆಸರು ತೊಕ್ತೊಸುನ್. ಅಂದರೆ 'ನಿಲ್ಲಲಿ' ಎಂದು. ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಹೆತ್ತವರು ಹಾಗೆ ಹೆಸರಿಟ್ಟಿದ್ದರು. ಈ ವಿಷಯ ನಾವು ಇಲ್ಲಿ ಹೇಳಬಹುದು, ಬುರುಲ್ ಹೇಳುವಂತಿರಲಿಲ್ಲ. ಕಿರ್ಗಿಜ್ ಮನೆಗೆ ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಲ್ಲಿ ಎತ್ತಬಾರದು. ಹೆಸರಷ್ಟೇ ಅಲ್ಲ, ಆ ಹೆಸರೊಳಗಿನ ಮಾತನ್ನೂ ಎತ್ತಬಾರದು. ಸೆಜಿಮ್ ಬೀದಿಗೆ ಓಡಿದರೆ ಬೇರೆ ಮನೆತನದ ತಾಯಂದಿರು "ನಿಲ್ಲು" ಎಂದು ಕೂಗುತ್ತಿದ್ದರು. ಬುರುಲ್ "ಕಾಲು ಅಲ್ಲಾಡಿಸ್ಬೇಡ" ಎಂದು ಕೂಗಬೇಕಿತ್ತು. ಅವಳ ಅತ್ತೆ ಬಾತ್ಮಾ ಮದುವೆಯಾಗಿ ಬಂದಾಗಿನಿಂದ ಭಾವನವರ ಹೆಸರನ್ನು ನಿದ್ದೆಯಲ್ಲೂ ಕನವರಿಸಿದವರಲ್ಲ. ಅವರ ಬಾಯಲ್ಲಿ ಮಳೆಯೂ ನಿಲ್ಲುತ್ತಿರಲಿಲ್ಲ, ಬಸ್ಸೂ ನಿಲ್ಲುತ್ತಿರಲಿಲ್ಲ. ಬುರುಲ್ ತಾನೇ ಕಟ್ಟಿಕೊಂಡ ಹೆಸರು 'ಸಿನಿಮಾ ಮಾವ'. ಮನೆಯಲ್ಲಿ ಅದೇ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ಊರಿನ ಸಾಂಸ್ಕೃತಿಕ ಭವನದ ಸಿನಿಮಾ ಹಾಲಿಗೆ ಹೊಸ ಸೂರು, ಹೊಸ ಕುರ್ಚಿ ಬಂದವು. ಹಾಲಿಗೆ ಈ ಕಣಿವೆಯ ಕಲಾವಿದರೊಬ್ಬರ ಹೆಸರಿಡಬೇಕು, ಜನರೇ ಸಭೆ ಸೇರಿ ಆರಿಸಲಿ ಎಂದಾಯಿತು. ಸಂತೆಯಲ್ಲೆಲ್ಲ ಕೇಳುತ್ತಿದ್ದ ಹೆಸರು ಎರ್ಮೆಕ್. ಎರ್ಮೆಕ್ ಇದೇ ಊರಿನ ಹುಡುಗ. ಒಂದೇ ಒಂದು ಚಿತ್ರದಲ್ಲಿ ನಾಯಕನಾಗಿದ್ದ, ಈಗ ಟೀವಿಯಲ್ಲಿ ಬಟ್ಟೆ ಸೋಪು ಹಿಡಿದು ನಗುತ್ತಿದ್ದ. ಹಲ್ಲು ಚೆನ್ನಾಗಿತ್ತು. ಅವನ ನಟನೆಯ ಬಗ್ಗೆ ಅಷ್ಟಕ್ಕಿಂತ ಹೆಚ್ಚು ಹೇಳುವುದಕ್ಕೆ ಅವನಮ್ಮನಿಗೂ ತೋಚುತ್ತಿರಲಿಲ್ಲ.

"ಅವನ ಹೆಸರಿಡ್ತಾರಂತೆ," ಎಂದಳು ಬುರುಲ್ ಗಂಡನಿಗೆ. "ಮಾವ ಇಲ್ಲೇ ಇರೋವಾಗ. ರೀ, ನಾನು ಸಭೆಯಲ್ಲಿ ಎದ್ದು ಮಾತಾಡ್ತೀನಿ."

ಮಿರ್ಲಾನ್ ವ್ಯಾನಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. "ಮಾತಾಡು. ಹೆಸರು ಯಾರು ಹೇಳ್ತಾರೆ?"

"ನೀವು."

"ನಾನು ಸಭೇಲಿ ಎದ್ದು ನಿಂತ್ರೆ ಮೊಣಕಾಲು ಬಡ್ಕೊಳ್ತವೆ ಅಂತ ಗೊತ್ತಿಲ್ವಾ ನಿಂಗೆ?"

"ಭಾಷಣ ನಂದು. ನೀವು ಕೊನೇಲಿ ಒಂದೇ ಒಂದು ಮಾತು ಹೇಳಿ ಕೂತ್ಕೊಳ್ಳಿ. ಬೇಕಾದ್ರೆ ಕೂತೇ ಹೇಳಿ."

"ಒಂದೇ ಮಾತಲ್ವಾ? ಎರಡಾದ್ರೆ ಆಗಲ್ಲ ನೋಡು."

ಹೀಗೆ ಕಾರ್ಯಭಾರ ಹಂಚಿಕೆಯಾಯಿತು. ಮಾವನನ್ನು ಕೇಳಿದ್ದಕ್ಕೆ ಅವರು, "ನನ್ನ ವಿಷಯ ಮಾತಾಡೋವಾಗ ನಾನೇ ಕೂತಿರೋದು ಚೆನ್ನಾಗಿರಲ್ಲ. ಮಗೂನ ನಾನು ನೋಡ್ಕೋತೀನಿ," ಎಂದರು. ಬಾಗಿಲವರೆಗೆ ಬಂದು, ಏನೋ ಹೇಳಲಿಕ್ಕೆ ಹೋಗಿ, ಬರೀ ಟೋಪಿ ಸರಿಮಾಡಿಕೊಂಡು ಒಳಗೆ ಹೋದರು. ಆ ಟೋಪಿ ಸರಿಮಾಡಿಕೊಂಡದ್ದನ್ನು ನೋಡಿದ ಮೇಲೆ ಬುರುಲ್‌ಗೆ ಸೋಲುವ ಹಾಗಿರಲಿಲ್ಲ.

ಸಭೆಗೆ ಹೋಗಿ ನೋಡಿದರೆ ಹಾಲಿನ ತುಂಬ ಹೆಂಗಸರು. ಜೂನ್ ತಿಂಗಳು. ಮಿರ್ಲಾನ್ ಒಬ್ಬನನ್ನು ಬಿಟ್ಟು ಗಂಡಸರೆಲ್ಲ ಕುದುರೆ, ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋಗಿಯಾಗಿತ್ತು. ಉಳಿದಿದ್ದ ಹೆಂಗಸರೆಲ್ಲ, ಒಬ್ಬಿಬ್ಬರನ್ನು ಬಿಟ್ಟರೆ, ಒಂದೇ ಮನೆತನಕ್ಕೆ ಸೊಸೆಯರಾಗಿ ಬಂದವರು, ಆ ಮನೆತನಕ್ಕೆ ಹಿರಿಯರು ಸಿನಿಮಾ ಮಾವ. ಬುರುಲ್‌ಗೆ ಇದರಲ್ಲಿ ಅಪಾಯವೇನೂ ಕಾಣಲಿಲ್ಲ. ಎಲ್ಲರೂ ನಮ್ಮವರೇ ಎಂದು ಖುಷಿಪಟ್ಟಳು. ಮುಂದಿನ ಸಾಲಿನಲ್ಲಿ ಅತ್ತೆ ಬಾತ್ಮಾ ಬಿಳಿ ತಲೆವಸ್ತ್ರ ಬಿಗಿದು ನ್ಯಾಯಾಧೀಶರಂತೆ ಕೂತಿದ್ದರು.

ಭವನದ ನಿರ್ದೇಶಕ ಕುಬಾತ್ ಹೊಸಬ, ದೂರದ ತಲಾಸ್ ಕಡೆಯವನು. ವೇದಿಕೆಯ ಮೇಲೆ ಜಿಲ್ಲೆಯ ಮುಖ್ಯಸ್ಥರು ಗಡಿಯಾರ ನೋಡಿಕೊಳ್ಳುತ್ತ ಕೂತಿದ್ದರು. ಅವರಿಗೆ ಇನ್ನೊಂದು ಊರಲ್ಲಿ ಕಾಲುವೆ ಉದ್ಘಾಟನೆ ಇತ್ತು. ಎರ್ಮೆಕ್‌ನ ಚಿಕ್ಕಮ್ಮ ಎದ್ದು ಎರ್ಮೆಕ್‌ನ ಹೆಸರು ಹೇಳಿ ಕೂತಳು. ಆಮೇಲೆ ಬುರುಲ್ ಮೈಕು ಹಿಡಿದಳು.

ಭಾಷಣ ಚೆನ್ನಾಗಿಯೇ ಆಯಿತು. ನಾಯಕ ಗೆದ್ದರೆ ನಾವು ಚಪ್ಪಾಳೆ ಹೊಡೀತೀವಿ, ಆದರೆ ನಮಗೆ ಅಳು ಬಂದದ್ದು ಯಾರು ಸತ್ತಾಗ, ಸ್ವಲ್ಪ ನೆನಪು ಮಾಡ್ಕೊಳ್ಳಿ ಎಂದಳು. ಹೆಂಗಸರು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. "ಅವರ ಹೆಸರು..." ಎಂದು ಬುರುಲ್ ಗಂಡ ಕೂತಿದ್ದ ಕಡೆ ತಿರುಗಿದಳು. ಕುರ್ಚಿ ಖಾಲಿ ಇತ್ತು.

"ಮುಖ್ಯಸ್ಥರ ಕಾರಿಗೆ ಅಡ್ಡ ಇದೆ ಅಂತ ವ್ಯಾನ್ ತೆಗೆಯೋಕೆ ಕರೆದ್ರು," ಎಂದಳು ಪಕ್ಕದವಳು. "ಅದು ಸ್ಟಾರ್ಟ್ ಆಗ್ತಿಲ್ಲ."

"ಹೆಸರು ಹೇಳಿ," ಎಂದ ಕುಬಾತ್.

"ಎಲ್ಲರಿಗೂ ಗೊತ್ತಲ್ಲ," ಎಂದಳು ಬುರುಲ್.

"ಗೊತ್ತು, ಗೊತ್ತು," ಎಂದಿತು ಸಭೆ.

"ನನಗೆ ಗೊತ್ತಿಲ್ಲ ಅಕ್ಕಾ. ಯಾರಾದ್ರೂ ಹೇಳಿ."

ಸಭೆ ಛಾವಣಿ ನೋಡಿತು. ಹೊಸ ಛಾವಣಿ, ನೋಡುವಂತೆಯೇ ಇತ್ತು.

"ಹಿಮ ಕುಸಿದು ಸತ್ತವರು," ಎಂದಳು ಎರಡನೇ ಸಾಲಿನವಳು, ಸಹಾಯಕ್ಕೆಂದು.

"ಸೇತುವೆ ಮೇಲೆ ಗುಂಡು ಬಿತ್ತಲ್ಲ, ಅವರು."

"ಹೊಳೇಲಿ ಕೊಚ್ಚಿಹೋದವರು ಅಂತ ಹೇಳೇ, ಬೇಗ ಗೊತ್ತಾಗತ್ತೆ."

ಕುಬಾತ್ ಶ್ರದ್ಧಾವಂತ. ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದ. "ಸರಿ. ಒಟ್ಟು ನಾಲ್ಕು ಜನ. ಒಂದು, ಎರ್ಮೆಕ್. ಎರಡು, ಹಿಮದವರು. ಮೂರು, ಗುಂಡಿನವರು. ನಾಲ್ಕು, ಹೊಳೆಯವರು. ಮೂವರು ದಿವಂಗತರಿಗೂ ನಮ್ಮ ಗೌರವ. ಕೈ ಎತ್ತಿ."

"ಮೂವರೂ ಒಬ್ಬರೇ," ಎಂದಳು ಬುರುಲ್. "ದಿವಂಗತರೂ ಅಲ್ಲ. ನಮ್ಮನೇಲಿ ಮಗು ನೋಡ್ಕೋತಿದಾರೆ."

"ಮೂರು ಸಲ ಸತ್ತು ಮಗು ನೋಡ್ಕೋತಿದಾರಾ?" ಎಂದರು ಮುಖ್ಯಸ್ಥರು. ಅವರು ಮೊದಲ ಬಾರಿಗೆ ಗಡಿಯಾರ ಬಿಟ್ಟು ಬೇರೆ ಕಡೆ ನೋಡಿದ್ದರು. ಮತ್ತೆ ಗಡಿಯಾರ ನೋಡಿದರು. "ನನಗೆ ಹೊತ್ತಾಯ್ತು ಕುಬಾತ್. ಹೆಸರಿರೋದು ಒಬ್ಬರಿಗೇ ತಾನೇ? ಅದನ್ನೇ ಘೋಷಿಸಿಬಿಡಪ್ಪ."

ಕುಬಾತ್ ಮೈಕಿಗೆ ಕೈ ಚಾಚಿದ. ಎರ್ಮೆಕ್‌ನ ಚಿಕ್ಕಮ್ಮ ಚಪ್ಪಾಳೆಗೆ ಅಂಗೈ ಸಿದ್ಧಮಾಡಿಕೊಂಡಳು. ಬುರುಲ್ ಮೈಕು ಬಿಡಲಿಲ್ಲ. ಅತ್ತೆಯ ಕಡೆ ನೋಡಬಾರದೆಂದು ಕಣ್ಣು ಮುಚ್ಚಿಕೊಂಡು, ಮದುವೆಯಾಗಿ ಬಂದಂದಿನಿಂದ ನಾಲಿಗೆಯ ಕೆಳಗೆ ಅಮುಕಿಟ್ಟಿದ್ದ ಹೆಸರನ್ನು ಹೇಳಿಯೇಬಿಟ್ಟಳು.

"ತೊಕ್ತೊಸುನ್."

ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ ಶಿವನೇ" ಎನ್ನುವ ಅರ್ಥದ ಏನನ್ನೋ ಕಿರ್ಗಿಜ್‌ನಲ್ಲಿ ಗೊಣಗಿದರು. ಬಾತ್ಮಾ ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡರು. ಆಮೇಲೆ ಒಂದೊಂದಾಗಿ ಕೈಗಳು ಮೇಲೆದ್ದವು. ಸೊಸೆಯರಿಗೆ ಬಾಯಿಗಷ್ಟೇ ಬೀಗ, ಕೈಗಲ್ಲ. ಎರ್ಮೆಕ್‌ಗೆ ಅವನ ಚಿಕ್ಕಮ್ಮನ ಒಂದು ಕೈ ಬಿತ್ತು; ಅದೂ ಪೂರ್ತಿ ಮೇಲೇಳಲಿಲ್ಲ.

ವ್ಯಾನ್ ತೆಗೆದು ಬೆವರೊರೆಸಿಕೊಳ್ಳುತ್ತ ಬಂದ ಮಿರ್ಲಾನ್ ದಾರಿಯಲ್ಲಿ ಎಲ್ಲ ಕೇಳಿಸಿಕೊಂಡು ತಣ್ಣಗೆ ಹೇಳಿದ: "ಕರಿಹಲಗೆ ಇತ್ತಲ್ಲ. ನೀನೇ ಬರೀಬಹುದಿತ್ತು."

ಅಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಬುರುಲ್ ಮನೆ ಬರುವವರೆಗೂ ವ್ಯಾನಿನ ಕಿಟಕಿಯ ಆಚೆ ನೋಡಿದಳು.

ಅಂದಿನಿಂದ ಬಾತ್ಮಾ ಸೊಸೆಯ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಮೊಮ್ಮಗಳ ಮೂಲಕ ಹೇಳಿಸಿದರು. "ಸೆಜಿಮ್, ನಿಮ್ಮಮ್ಮನಿಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ. ಎಲ್ಲರ ಹೆಸರೂ ಗೊತ್ತಿರೋವ್ರಿಗೆ ಉಪ್ಪಿನ ಅಳತೆ ಗೊತ್ತಿಲ್ಲ ಅಂತಾನೂ ಹೇಳು."

"ಅಜ್ಜಿ, ಅಮ್ಮ ಇಲ್ಲೇ ಇದಾಳೆ."

"ಗೊತ್ತು. ಅದಕ್ಕೇ ಜೋರಾಗಿ ಹೇಳ್ತಿದೀನಿ."

ಬುರುಲ್ ಸಹಿಸಿಕೊಂಡಳು. ಹಾಲಿನ ನೆತ್ತಿಯ ಮೇಲೆ ನೀಲಿ ಅಕ್ಷರಗಳಲ್ಲಿ ಮಾವನ ಹೆಸರು ಬಂತು, ಅಷ್ಟು ಸಾಕಿತ್ತು. ಮಾವ ದಿನಾ ಸಂಜೆ ಆ ಕಡೆ ವಾಕಿಂಗ್ ಹೋಗಿ, ತಲೆ ಎತ್ತದೆ, ಅದರ ಕೆಳಗೆ ಒಂದು ಗಳಿಗೆ ಬೂಟಿನ ದಾರ ಕಟ್ಟಿಕೊಂಡು ಬರುತ್ತಿದ್ದರು.

ತೊಂದರೆ ಆಮೇಲೆ ಶುರುವಾಯಿತು. ಸಿನಿಮಾ ನೋಡುವವರೆಲ್ಲ ಹೆಂಗಸರು, ಹೆಂಗಸರೆಲ್ಲ ಸೊಸೆಯರು. ಟ್ಯಾಕ್ಸಿ ಹತ್ತಿದರೆ ಎಲ್ಲಿಗೆ ಎಂದು ಹೇಳುವುದು? ಟಿಕೆಟ್ ಕೊಡುವವಳೂ ಅದೇ ಮನೆತನದ ಸೊಸೆ, ಫೋನು ಬಂದರೆ "ಹಲೋ, ಇದು... ಇದೇ," ಎನ್ನುತ್ತಿದ್ದಳು. ಹೆಂಗಸರು ಎಷ್ಟು ದಿನ ಹೀಗೆ ಕಷ್ಟಪಟ್ಟಾರು? ಹಾಲಿನ ಎದುರುಗಡೆ ಗೋಡೆಯ ಮೇಲೆ ಎರ್ಮೆಕ್ ಸೋಪು ಹಿಡಿದು ನಗುತ್ತಿರುವ ದೊಡ್ಡ ಚಿತ್ರವಿತ್ತು. "ಎರ್ಮೆಕ್ ಎದುರಿಗಿರೋದು" ಎಂದರು ಮೊದಲು. ಆಮೇಲೆ "ಎರ್ಮೆಕ್ ಹತ್ರ" ಎಂದರು. ಒಂದು ಸಂಜೆ ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕರೆದಳು: "ಬುರುಲ್, ಎರ್ಮೆಕ್ ಹಾಲಿಗೆ ಹೊಸ ಸಿನಿಮಾ ಬಂದಿದೆಯಂತೆ, ಬರ್ತೀಯಾ?"

ಬುರುಲ್ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು. ಅಂಗಳದ ಬೆಂಚಿನ ಮೇಲೆ ಮಾವ ಕೂತಿದ್ದರು, ಕೇಳಿಸಿಕೊಂಡೇ ಇದ್ದರು. ಅವರ ಆ ಕಡೆ ಬಾತ್ಮಾ ಒಣಮೊಸರಿನ ಉಂಡೆ ಕಟ್ಟುತ್ತಿದ್ದರು.

"ಮಾವ," ಎಂದಳು ಬುರುಲ್, "ನಾನು ಏನೋ ಮಾಡೋಕೆ ಹೋಗಿ..."

"ಚೆನ್ನಾಗೇ ಮಾಡಿದೀಯ. ಕುಬಾತ್ ಬಂದಿದ್ದ. ಜನಕ್ಕೆ ಹಾಲಿನ ಹೆಸರು ಅಭ್ಯಾಸ ಆಗ್ಬೇಕು, ಆಟ ಶುರುವಾಗೋ ಮುಂಚೆ ಯಾರಾದ್ರೂ ಹೆಂಗಸು ಮೈಕಲ್ಲಿ ಅದನ್ನ ಹೇಳಿದ್ರೆ ಒಳ್ಳೇದು, ರೆಕಾರ್ಡ್ ಮಾಡ್ಕೋತೀನಿ ಅಂದ. ಒಳಗೂ ಕೇಳತ್ತಂತೆ, ಸಂತೆಗೂ ಕೇಳತ್ತಂತೆ. ದಿನಾ ಸಂಜೆ." ಮಾವ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ನಮ್ಮ ಮನೆತನದ ಅಷ್ಟೂ ಸೊಸೆಯರಲ್ಲಿ ನಿಯಮ ಮುರಿದವಳು ನೀನೊಬ್ಬಳೇ. ಇನ್ಯಾರನ್ನ ಕೇಳ್ಲಿ?"

ಬುರುಲ್ ಅತ್ತೆಯ ಕಡೆ ನೋಡಿದಳು. ಸಂತೆಯಲ್ಲಿ ಅತ್ತೆ ಆ ಉಂಡೆ ಮಾರುವ ಅಂಗಡಿ ಇದ್ದದ್ದು ಆ ಹಾಲಿನ ಧ್ವನಿವರ್ಧಕದ ಸರಿಯಾಗಿ ಕೆಳಗೆ. ಬಾತ್ಮಾ ಉಂಡೆ ಕಟ್ಟುವುದನ್ನು ಬಿಟ್ಟು, ತಲೆವಸ್ತ್ರವನ್ನು ನಿಧಾನವಾಗಿ ಕಿವಿಯ ಮೇಲೆ ಎಳೆದುಕೊಂಡರು.

"ಆವತ್ತು ಸಭೇಲಿ ಹೇಳಿದ್ಯಂತೆ," ಎಂದರು ಮಾವ. "ಎಲ್ಲರೂ ಕೇಳಿದ್ರು. ನಾನು ಇಲ್ಲಿ ಮಗು ಚೆಲ್ಲಿದ ಹಾಲು ಒರೆಸ್ತಾ ಇದ್ದೆ. ಒಂದು ಉಪಕಾರ ಮಾಡು ತಾಯಿ. ರೆಕಾರ್ಡ್ ಮಾಡೋ ದಿನ ನನ್ನನ್ನೂ ಕರ್ಕೊಂಡು ಹೋಗು. ಸ್ವಲ್ಪ ನಿಧಾನಕ್ಕೆ ಹೇಳು."