ಸೆಲ್ಲಿಲ್ಲದ ಯಂತ್ರ

ದೋಣಿ ದಂಡೆ ಬಿಟ್ಟು ಹತ್ತು ಮಾರು ಹೋದಮೇಲೆ ವರದಾಳಿಗೆ ನೆನಪಾಯಿತು: ದಾರಿ ತೋರಿಸುವ ಯಂತ್ರದ ಸೆಲ್ಲುಗಳು ಸೊಲ್ಲಾಪುರದ ಮನೆಯಲ್ಲಿ, ತನ್ನ ರೇಡಿಯೋದ ಹೊಟ್ಟೆಯಲ್ಲಿವೆ! ನಿನ್ನೆ ಹಾಡು ಕೇಳಲೆಂದು ತೆಗೆದವಳು ತಿರುಗಿ ಹಾಕಿರಲಿಲ್ಲ. ಹೇಳಲೋ, ಬೇಡವೋ? ಇಂಥದ್ದನ್ನೆಲ್ಲ ಅವಳು ಡೈರಿಗೆ ಮಾತ್ರ ಹೇಳುವವಳು. ಬಿ.ಎ. ಪಾಸಾದದ್ದನ್ನೂ ಮೊದಲು ಡೈರಿಗೇ ಹೇಳಿದ್ದಳು. ಮನೆಯವರಿಗೆ ಪೇಪರಿನಿಂದ ತಿಳಿಯಿತು.

ಹೇಳಿದರೆ ವಿಶ್ವನಾಥ ಮಾಮಾನ ಮೀಸೆ ಹೋಗುತ್ತಿತ್ತು. ‘ಅಳಿಯ ಮಸ್ಕತ್ತಿನಿಂದ ತಂದ ಜಿ.ಪಿ.ಎಸ್. ಯಂತ್ರ ಹಿಡಿದು, ಈ ಮಂಜಿನಲ್ಲೇ ಕುರನೂರ ಡ್ಯಾಮಿನ ನೀರು ದಾಟಿ ಕುರಿಗಾರರ ದೇವರು ಬೀರೋಬಾನ ಗುಡಿ ಮುಟ್ಟುತ್ತೇನೆ. ದಂಡೆಗುಂಟ ನಡೆದು ಬರುವ ಕುರಿಗಾರ ಮಲ್ಲಯ್ಯ ಮೊದಲು ಮುಟ್ಟಿದರೆ ಮೀಸೆ ಬೋಳಿಸುತ್ತೇನೆ’ ಎಂದು ಮಾಮಾ ಊರೆದುರು ಪಣ ಕಟ್ಟಿದ್ದರು.

"ವರದಾ, ನನ್ನ ಚಷ್ಮಾಕ್ಕ ಮಂಜು ಹತ್ಯದ. ಬಾಣ ಯಾವ ಕಡೆ ಅದ, ನೀನs ನೋಡಿ ಹೇಳು."

ಯಂತ್ರದ ಪರದೆ ತೊಳೆದ ತಟ್ಟೆಯಂತೆ ಬೋಳಾಗಿತ್ತು.

"ಎ... ಎಡಕ್ಕ, ಮಾಮಾ."

"ಬಘ್, ನೋಡಿಲ್ಲಿ! ಇಪ್ಪತ್ನಾಕು ಉಪಗ್ರಹ ನಮ್ಮ ಸಲುವಾಗಿ ತಿರಗಲಿಕತ್ಯಾವ!"

ದೋಣಿಯೋ ಪಡವಲಕಾಯಿಯಂಥ ಸಪೂರದ್ದು. ಮಾಮಾ ಆಕಾಶ ತೋರಿಸಿದಾಗಲೆಲ್ಲ ಒಂದು ಬೊಗಸೆ ನೀರು ಒಳಗೆ. ಎಡಕ್ಕೆ ಹೋದದ್ದು ಜಾಲಿಮುಳ್ಳಿಗೆ ಮೂತಿ ತೂರಿಸಿತು. ಮಾಮಾನ ಚಷ್ಮಾ ಎಲ್ಲೋ ಹಾರಿತು. ಬಲಕ್ಕೆ ಹೋದದ್ದು ಹೊರಟ ದಂಡೆಗೇ ಬಂದು ನಿಂತಿತು.

"ಅಗ ಬಾಯಿ, ಇನ್ನೂ ಇಲ್ಲೇ ಇದ್ದೀರಿ?" ಎಂದು ದಂಡೆಯಲ್ಲಿದ್ದ ಅತ್ತೆ ಕಸ್ತೂರಬಾಯಿ ಬೆರಗಾದರು.

"ಟ್ರಾಯಲ್ ನೋಡಿದಿವಿ!" ಎಂದು ಮಾಮಾ ದೋಣಿ ತಿರುಗಿಸಿದರು.

ವರದಾಳಿಗೆ ಅಳು ಬಂತು. ಆಗ ಕೇಳಿಸಿತು, ದೂರದಲ್ಲಿ ಗುಡಿಯ ಡೊಳ್ಳು. ಬಾಯಿ ಮುಚ್ಚದ ಮಾಮಾನಿಗೆ ಅದು ಕೇಳಲಿಲ್ಲ. ಡೊಳ್ಳಿನ ಸದ್ದು ಬಂದತ್ತ ಕೈ ಮಾಡುತ್ತ ಹೋದಳು. ದೋಣಿ ನೆಟ್ಟಗೆ ಗುಡಿಯ ಮೆಟ್ಟಿಲಿಗೇ ಹತ್ತಿತು.

ಆಮೇಲೆ ಏದುಸಿರು ಬಿಡುತ್ತ ಬಂದ ಮಲ್ಲಯ್ಯ ರುಮಾಲು ತೆಗೆದು ಕೈಮುಗಿದ.

"ಸೋತೆನ್ರಿ ಸಾಹೇಬ್ರ. ಯವ್ವಾ, ನನ್ನ ಟಗರು ಕಳದು ಮೂರು ದಿನಾತು. ಇದರಾಗ ನೋಡಿ ಎಲ್ಲೈತಿ ಹೇಳಬೇ."

ಮೀಸೆಗಾಗಿ ಸುಳ್ಳು ಹೇಳಿದ್ದಾಗಿತ್ತು, ಟಗರಿಗಾಗಿ ಆಗಲಿಲ್ಲ. ಯಂತ್ರದ ಬೆನ್ನು ತೆರೆದು ವರದಾ ಜನ್ಮದಲ್ಲೇ ಮೊದಲ ಸಲ ಕೂಗಿದಳು:

"ಇದರಾಗ ಸೆಲ್ಲs ಇಲ್ಲರೀ!"

ಡೊಳ್ಳು ನಿಂತಿತು. ಮಾಮಾನ ಕೈ ಮೀಸೆಗೆ ಹೋಯಿತು.

"ಸೆಲ್ಲಿಲ್ಲದs ದಾರಿ ತೋರಿಸೈತಿ!" ಮಲ್ಲಯ್ಯನ ತಾಯಿ ಹಣಮವ್ವ ಚೀರಿದಳು. "ಒಳಗ ಬೀರೋಬಾನs ಕುಂತಾನ!"

ಒಂದು ಮುಷ್ಟಿ ಭಂಡಾರದ ಅರಿಷಿಣ ಯಂತ್ರದ ಮೇಲೆ, ಒಂದು ಮುಷ್ಟಿ ವರದಾಳ ತಲೆಯ ಮೇಲೆ. ಕುರಿ ಕಳೆದವರು, ಎಮ್ಮೆ ಕಳೆದವರು, ಗಂಡ ಕಳೆದುಹೋದ ಒಬ್ಬಳು, ಎಲ್ಲರೂ ಸಾಲುಗಟ್ಟಿದರು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಮಾಮಾ.

"ವರದಾ, ನನ್ನ ಚಷ್ಮಾ ಎಲ್ಲಿ ಬಿತ್ತು, ನೋಡಿ ಹೇಳು."