ಹುಳುಮನೆಯ ಫಾರ್ವರ್ಡು

ಹುಳುಮನೆಗೆ ರೋಗ ನುಗ್ಗದಿರಲೆಂದು ಹೊಂಗನೂರಿನ ಪ್ರಭುಲಿಂಗ ಬೆಳಗ್ಗೆ ಮೂಗಿಗೆ ಟವೆಲ್ ಕಟ್ಟಿ, ಬಾಗಿಲಲ್ಲಿ ಸುಣ್ಣದ ಪುಡಿ ಎರಚುತ್ತಿದ್ದ. ರೇಷ್ಮೆಹುಳು ಸಾಕುವ ಊರಲ್ಲಿ ಇದು ಅಂಗಳಕ್ಕೆ ನೀರು ಹಾಕಿದಷ್ಟೇ ಮಾಮೂಲಿ. ಚನ್ನಪಟ್ಟಣದ ಬಸ್ಸಿನ ಕಿಟಕಿಯಿಂದ ಯಾರೋ ಫೋಟೊ ಹೊಡೆದರು. ಬಸ್ಸು ಊರು ದಾಟುವ ಮೊದಲೇ ಊರಿನ ವಾಟ್ಸಾಪ್ ಗುಂಪಿಗೆ ಬಂತು: ‘ಹೊಂಗನೂರಲ್ಲಿ ಹೊಸ ಅಂಟುರೋಗ! ಮನೆ ಸೀಲ್‌ಡೌನ್! ತಕ್ಷಣ ಎಲ್ಲರಿಗೂ ಕಳಿಸಿ!’

ಅವತ್ತೇ ಹುಳು ಹಣ್ಣಾಗಿದ್ದವು. ನೂಲು ಬಿಡಲು ತಲೆಯೆತ್ತಿ ಜಾಗ ಹುಡುಕುತ್ತಿದ್ದವು. ಸಂಜೆಯೊಳಗೆ ಒಂದೊಂದನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೇ ಹೋಯಿತು. ಬರಬೇಕಿದ್ದ ಆಳುಗಳು ಒಬ್ಬರೂ ಇಲ್ಲ.

ಪ್ರಭುಲಿಂಗ ಪಕ್ಕದ ಮನೆ ಯೋಗಾನಂದನ ಬಳಿಗೆ ಓಡಿದ. ಅವನ ಹುಳುಮನೆ ಬಾಗಿಲೂ ಸುಣ್ಣದಿಂದ ಬೆಳ್ಳಗಿತ್ತು.

“ಇದು ಹುಳಕ್ಕೆ ಹಾಕೋ ಸುಣ್ಣ ಅಂತ ನಿಂಗೊತ್ತಿಲ್ವೇನ್ಲಾ?”

“ಗೊತ್ತು ಕಣ್ಲಾ,” ಯೋಗಾನಂದ ಕಿಟಕಿ ಸಂದಿಯಿಂದಲೇ ಅಂದ. “ಆದ್ರೆ ಫೋಟೊ ಸಮೇತ ಬಂದೈತಲ್ಲ! ಒಸಿ ದೂರ ನಿಂತ್ಕೊ.”

ಪ್ರಭುಲಿಂಗ ತಾನು ಗುಂಡುಕಲ್ಲಿನಂತಿರುವ ವಿಡಿಯೋ ಮಾಡಿ ಗುಂಪಿಗೆ ಹಾಕಿದ. ‘ಇದು ರೋಗ ಬರೋಕೆ ಮುಂಚಿನದು’ ಎಂದು ಉತ್ತರ ಬಂತು. ಎದುರುಮನೆ ದೊಡ್ಡಲಕ್ಷ್ಮಮ್ಮ ಮುದ್ದೆ ಸಾರು ತಂದು ಕಾಂಪೌಂಡಿನ ಮೇಲಿಟ್ಟು, ಸೆರಗಲ್ಲಿ ಕಣ್ಣೊರೆಸಿಕೊಂಡರು. “ಉಣ್ಣಪ್ಪ. ಹೋಗೋ ಜೀವ ಹಸ್ಕೊಂಡಿರ್ಬಾರ್ದು.”

ತಾನೂ ಅವ್ವ ಮೀನಾಕ್ಷಮ್ಮನೂ ಇಬ್ಬರೇ ಎಷ್ಟೆಂದು ಆರಿಸಿಯಾರು? ಮಧ್ಯಾಹ್ನ ಪ್ರಭುಲಿಂಗ ಹಲ್ಲು ಕಚ್ಚಿ, ತನ್ನ ಮಾತು ಊರಲ್ಲಿ ನಡೆಯದೆಂದು ಅಕ್ಕೂರಿನ ವಾಟ್ಸಾಪ್ ಗುಂಪೊಂದಕ್ಕೆ ಬರೆದ: ‘ವಿಜ್ಞಾನಿಗಳ ಸಂಶೋಧನೆ! ಹಣ್ಣಾದ ರೇಷ್ಮೆಹುಳು ಮುಟ್ಟಿದರೆ ಹೊಸ ರೋಗ ಹತ್ತಿರ ಸುಳಿಯಲ್ಲ, ಸಕ್ಕರೆ ಕಾಯಿಲೆ ಬುಡಸಮೇತ ಮಾಯ!’

ಅದು ಕನಕಪುರ, ರಾಮನಗರ ಸುತ್ತಿ ಹೊಂಗನೂರಿಗೆ ಮರಳುವಷ್ಟರಲ್ಲಿ ಅಂಗಳ ಮದುವೆಮನೆಯಂತೆ ತುಂಬಿತು. ಮುಂದೆ ಯೋಗಾನಂದ!

“ನಂಗೊಂದ್ ತಟ್ಟೆ ಹುಳ ಮೊದ್ಲು ಕೊಡ್ಲಾ! ಏನ್ ನಮ್ಮೂರೋನೇ ಹಿಂಗ್ ಮಾಡೀಯಾ?”

ಕೂಸನ್ನು ತೊಟ್ಟಿಲಿಗೆ ಮಲಗಿಸುವ ನಾಜೂಕಿನಲ್ಲಿ ಜನ ಹುಳು ಆರಿಸಿ ಚಂದ್ರಿಕೆಗೆ ಬಿಟ್ಟರು. ಹೊತ್ತು ಮುಳುಗುವ ಮೊದಲೇ ಬೆಳೆ ಉಳಿಯಿತು.

ಪ್ರಭುಲಿಂಗ ಕೈ ತೊಳೆದು ನಗುತ್ತಾ ಒಳಗೆ ಬಂದರೆ, ಮೀನಾಕ್ಷಮ್ಮ ಬೆಲ್ಲ ಮೆಲ್ಲುತ್ತಾ ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬಚ್ಚಲಿಗೆ ಸುರಿಯುತ್ತಿದ್ದರು.

“ಅವ್ವಾ! ಇದೇನ್ ಮಾಡ್ಬುಟ್ಟೆ?”

“ಇನ್ಯಾಕ್ಲಾ ಮಾತ್ರೆ? ಬೆಳಗ್ಗಿಂದ ಹುಳ ಮುಟ್ಟಿವ್ನಿ.”

“ಮದ್ವೆಯಾಗಿ ಬಂದಾಗಿಂದ್ಲೂ ಮುಟ್ತಾನೇ ಇದ್ದೀಯಲ್ಲವ್ವಾ, ಸಕ್ಕರೆ ಇಳೀತಾ?”

“ಆಗ ಹಿಂಗೆ ಅಂತ ಗೊತ್ತಿರ್ಲಿಲ್ವಲ್ಲ.”

“ಅದು ಸುಳ್ಳು ಕಣವ್ವಾ! ನಾನೇ ಬರ್ದಿದ್ದು!”

ಅವ್ವ ಮಗನ ಬಾಯಿಗೊಂದು ಬೆಲ್ಲದ ಚೂರಿಟ್ಟು, ಕೆನ್ನೆ ಸವರಿದರು.

“ಅಷ್ಟ್ ಬುದ್ಧಿ ನಿಂಗೆಲ್ಲಿ ಬರ್ಬೇಕು ಮಗ? ಇದು ಮಾಗಡಿಯಿಂದ ನಿಮ್ಮ ಚಿಕ್ಕವ್ವ ಕಳ್ಸಿರೋದು.”